ಬಾಯಿ

ಪುಣೆಯೊಳಗ ನನ್ನ ಹೆಸರು ಬಾಯಿ.
ಮೂರು ಫ್ಲ್ಯಾಟಿನ ಬೆಲ್ ಒತ್ತಿದರೂ
ಒಳಗಿಂದ ಒಂದೇ ಮಾತು: ಬಾಯಿ ಆಲ್ಯಾ.
ನೀಲಗಂಗವ್ವ ಅನ್ನೂದು
ಆಧಾರ ಕಾರ್ಡಿನ್ಯಾಗ ಅದ, ಮತ್ತ
ಸಸೂನ್ ದವಾಖಾನಿಯ ಹಸಿರು ಪುಸ್ತಕದಾಗ.

ಆ ಪುಸ್ತಕದ ಸಂಗತಿ ಬಾಯಿ ಬಿಡಬ್ಯಾಡ ಅಂದಿದ್ದ
ಸಾಯೂ ಮುಂದ ಗಂಡ.
ಬಿಡಲಿಲ್ಲ. ಆರು ವರ್ಷ.

ಈ ಸಲ ಗಣಪತಿ ಕೂಡ್ರೂಕಿಂತ ಮೊದಲ
ನಾಲಗಿ ಮ್ಯಾಲೆ ಹಾಲಿನ ಕೆನಿ ಕಟ್ಟಿದಂಗ ಬೆಳ್ಳಗ.
ಕೆರೆದರ ರಕ್ತ.
ತುಟಿಯ ಎರಡೂ ಮೂಲಿ ಸೀಳಿ
ನಕ್ಕರ ಉರಿ, ಆಕಳಿಸಿದರ ಉರಿ,
ಬಿಸಿ ರೊಟ್ಟಿ ನೆನಸಿದರ ಉರಿ.
ಉಪ್ಪು ಯಾವುದು ಸಕ್ಕರಿ ಯಾವುದು
ಬೆರಳಿಗೆ ಗೊತ್ತಿತ್ತು, ನಾಲಗಿಗೆ ಇಲ್ಲ.
ಆಮಟಿಗೆ ಒಂದು ಚಿಟಿಕಿ ಹಾಕತಿದ್ದೆ,
ಅಂಜಿಕಿಗೆ ಇನ್ನೊಂದು.
ಪೆಂಡಸೆ ವಹಿನಿ ಉಂಡರು. ಏನೂ ಅನ್ನಲಿಲ್ಲ.

ಓಣಿಯ ಹಲ್ಲಿನ ಡಾಕ್ಟರ್ ಹಸಿರು ಪುಸ್ತಕ ನೋಡಿ
ಕುರ್ಚಿಗೆ ಕೂಡ್ರಿಸಲಿಲ್ಲ.
ಶೇವಟೀ ಯಾ, ಅಂದ. ಕಡೀಕ ಬಾ ಅಂತ.
ಕಡೀಕ ಹೋದೆ. ಶಟರ್ ಇಳಿದಿತ್ತು.

ಸಸೂನಿನಾಗ ಸಣ್ಣ ಡಾಕ್ಟರ್, ಠೋಂಬರೆ ಅಂತ,
ಮೂಗಿನ ಮ್ಯಾಲೆ ಬೆವರು, ದೀಪ ಎಳೆದು ಹಿಡಿದು
ಬಾಯಿ, ತೋಂಡ್ ಉಘಡಾ, ಅಂದಳು.
ನಮ್ಮ ಮಾತಿನ್ಯಾಗ ಅದು
ಬಾಯೀ, ಬಾಯಿ ತೆರಿ.
ನಗು ಬಂತು. ಮೂಲಿ ಮತ್ತ ಹರೀತು.

ಆ ಕರಾ.
ಸಾಲಿ ಕಟ್ಟಿ ಹತ್ತದಾಕಿ ನಾನು,
ಅ ಬಿಟ್ಟು ನೇರ ಆ.
ಎಷ್ಟು ಹೊತ್ತು ಹಿಡಿದೆನೋ,
ಗಂಡನ ಮಾತು ಮುರಿದಂಗಾತು.
ಆಕಿ ನೋಡಿದಳು, ಗಲ್ಲದ ಒಳಗ, ನಾಲಗಿ ಕೆಳಗ,
ಮುಖ ಕಿವಿಚಲಿಲ್ಲ.
ಬುರಶಿ, ಅಂದಳು. ತಂಗಳ ರೊಟ್ಟಿಗೆ ಬರೂ ಬೂಸು.
ಚೀಪೂ ಗುಳಿಗಿ ಬರೆದಳು.
ಎರಡು ಹಲ್ಲು ಅಲಗ್ಯಾಡತಾವ, ಮುಂದಿನ ವಾರ ಬರ್ರಿ.

ಬಾಗಿಲದಾಗ ಹೊಳ್ಳಿ ನಿಂತು ಕೇಳಿದೆ:
ಮಂದಿ ಮನಿ ಅಡಗಿ ಮಾಡತೀನಿ. ಎಂಜಲದಿಂದ...
ಇಲ್ಲ, ಅಂದಳು. ಕೈಗವಸು ಕಳಚತಾ ಇನ್ನೊಮ್ಮೆ, ಇಲ್ಲ.
ಆದರೂ ಸಾರು ನಾನು ಅಂಗೈಗೇ ಹನಿಸಿಕೊಳ್ಳೂದು.
ಅವ್ವ ಕಲಿಸಿದ್ದು. ಬ್ಯಾನಿಗಿಂತ ಹಳೀದು.

ಹದಿನಾಲ್ಕು ದಿನ.
ಮೊದಲು ಬಂದದ್ದು ಕಹಿ, ಮೆಂತೆ ಪಲ್ಲೆದ್ದು.
ಎಷ್ಟು ಚಂದ ಕಹಿ!
ಆಮ್ಯಾಲೆ ಉಪ್ಪು.

ಇವತ್ತು ಆಮಟಿಗೆ ಒಂದೇ ಚಿಟಿಕಿ.
ಅಂಗೈ ನೆಕ್ಕಿ ನೋಡಿದೆ, ಸರಿ ಅದ.
ಪೆಂಡಸೆ ವಹಿನಿ ತಾಟಿನಿಂದ ಮುಖ ಎತ್ತಿದರು:
ಬಾಯಿ, ಮೀಠ ಕಮೀ.
ಹಿಂದ ಮಾಡತಿದ್ದಿರಲ್ಲ, ಹಂಗ ಮಾಡ್ರಿ.