ಅಕ್ಷರಕ್ಕೆ ಹನ್ನೆರಡು

ಹಾಸನದ ಸಾಲಗಾಮೆ ರಸ್ತೆಯಲ್ಲಿ ನನ್ನ ಅಂಗಡಿ.
ಗೋರಿಕಲ್ಲು, ಮನೆಯ ಹೆಸರು, ಶಂಕುಸ್ಥಾಪನೆ,
ಅಕ್ಷರಕ್ಕೆ ಹನ್ನೆರಡು, ಒತ್ತಕ್ಷರ ಬಿಟ್ಟಿ.

ನವಿಲಹಳ್ಳದ ಸೇತುವೆಗೆ ಮೊದಲ ಸಲ ಕೆತ್ತಿದಾಗ
ಮಂತ್ರಿಗಳದು ಮೂರಂಗುಲ, ಶಾಸಕರದು ಎರಡು,
ಗುತ್ತಿಗೆದಾರನ ಹೆಸರು ಚಿನ್ನದ ಬಣ್ಣದಲ್ಲಿ,
ಊರಿನದು ಕೊನೆಗೆ, ಜಾಗ ಉಳಿದಷ್ಟರಲ್ಲಿ.

ಐದು ವರ್ಷ. ಬಾವುಟ ಬದಲಾಯಿತು.
ಅದೇ ಕಲ್ಲು ಟೆಂಪೋದಲ್ಲಿ ವಾಪಸು ಬಂತು:
"ಹೊಸದ್ಯಾಕೆ, ಹಿಂದುಗಡೆ ಖಾಲಿ ಐತಲ್ಲ."
ಮಗುಚಿ ಕೆತ್ತಿದೆ.

ಮೂರನೆಯವರು ಬಂದಾಗ
ಎರಡೂ ಮಗ್ಗುಲು ತುಂಬಿದ್ದವು.
"ಉಜ್ಜು" ಅಂದರು.
ಉಜ್ಜಿದೆ. ಆ ಧೂಳಲ್ಲಿ ಯಾರ ಮಾತು ಯಾವುದೋ,
ಎಲ್ಲ ಒಂದೇ ಬಿಳಿ, ಮೂಗಿಗೆ ಒಂದೇ ಸೀನು.

ಬೇಲೂರಲ್ಲಿ ನೋಡಿದ್ದೀನಿ,
ಮದನಿಕೆಯ ಕಾಲ ಬಳಿ ಕೆತ್ತಿದವನ ಹೆಸರು.
ಕೆಲಸ ಮುಗಿದ ಮೇಲೆ ಬರೆದದ್ದು.

ಈ ಬೇಸಿಗೆಯಲ್ಲಿ ಆ ಕಡೆ ಹೋಗಿದ್ದೆ.
ಹಳ್ಳ ಹಾಗೇ ಇದೆ. ಕಲ್ಲು ಕಟ್ಟೆ ಇಳಿದು ಬಂದು
ಶಾಲೆಯ ಮುಂದಿನ ಚರಂಡಿಗೆ ಅಡ್ಡ ಮಲಗಿದೆ.
ಸಣ್ಣತಾಯಮ್ಮ ಮೊಮ್ಮಗಳ ಕೈ ಹಿಡಿದು ದಾಟಿದಳು:
"ನೀನಾ ಕೆತ್ತಿದ್ದು? ಮಳೇಲೂ ಜಾರಲ್ಲ ಕಣಪ್ಪ,
ಅಕ್ಷರ ಚೆನ್ನಾಗಿ ಕಾಲು ಹಿಡೀತವೆ."

ಮತಗಟ್ಟೆಯಲ್ಲಿ ಶಾಯಿ ಹಚ್ಚುವ ಹುಡುಗಿ
ಉಗುರಂಚಿನ ಕಲ್ಲುಪುಡಿ ನೋಡಿ
"ಒರೆಸ್ಕೊಳ್ಳಿ" ಅಂದಳು.
ಒರೆಸಿದೆ. ಹೋಗಲಿಲ್ಲ.
ಅದರ ಮೇಲೇ ಗೀಟೆಳೆದಳು.

ನಿನ್ನೆ ಮತ್ತೆ ಫೋನು. ದನಿ ಹೊಸದು, ಸೇತುವೆ ಅದೇ.
ಈಗ ಹದಿನೆಂಟು, ಅಂದೆ.
ಒತ್ತಕ್ಷರಕ್ಕೂ.
ಪೂರ್ತಿ ಮುಂಗಡ.