ಎಂಟು ಸಾವಿರ ಸುತ್ತು

ಗೌಸ್ ಮಾಮೂನ ಮೋಟಾರ್ ರಿವೈಂಡಿಂಗ್ ಅಂಗಡಿ
ಉದಗೀರ ರೋಡಿಗೆ, ಪಂಕ್ಚರ್ ಡಬ್ಬಿಯ ಬಾಜೂಕ.
ಬ್ಯಾಸಗಿ ಬಂತಂದ್ರ ಬಾಗಲದಾಗೇ ಸುಟ್ಟ ಪಂಪುಗಳು
ಸಾಲಾಗಿ ಮಲಗಿರ್ತಾವ, ವಾರ್ನಿಶ್ಶಿನ ನಾತ.
ಅವುಗಳ ನಡುವ ನನ್ನ ಗಿಟಾರು,
ಹಳೇ ಸೀರಿ ಹಾಸಿ ಅಂಗಾತ ಹಾಕಿದ್ದು,
ತಂತಿ ಬಿಚ್ಚಿ, ಎದಿ ಮ್ಯಾಲಿನ ಬಿಳೀ ಹಲಗಿ ತೆಗೆದದ್ದು.

"ಇದರ ಹೊಟ್ಟ್ಯಾಗ ಏನೂ ಇಲ್ಲಲ್ಲೋ ಎಲೀಯಾ!
ಮೂರು ಸಾಬೂನಿನ ಚೂರು, ಒಂದೀಟು ವಾಯರು.
ಇಷ್ಟರ ಮ್ಯಾಲೇ ಇಷ್ಟು ವರ್ಷ
ಮಂಗಲಪೇಟಿ ಮಂದೀನ ಹಾಡಿಸಿದ್ಯಾ?"

ಹೌದು, ಹದಿಮೂರು ವರ್ಷ.
ಕೋಠಿಯ ಸಂತ್ಯಾಗ ನಾಕು ಸಾವಿರಕ್ಕ ತಂದದ್ದು,
ಜಹೀರಾಬಾದ್ ತನಕ ಬಸ್ಸಿನಾಗ ತೊಡಿ ಮ್ಯಾಲ,
ಮುಂದ ಅದಕ್ಕೂ ಒಂದು ಸೀಟು ಸಿಕ್ಕಿತ್ತು.
ತಗಡಿನ ಮ್ಯಾಲ ಚಮಚ ಎಳೆದಂಥ ದನಿ.
ನಾನೇ ಹಂಗ ನುಡಿಸ್ತೀನಿ ಅಂತ ತಿಳಕೊಂಡಿದ್ದೆ.

ಹೊಸ ಪಿಕಪ್ಪಿನ ಡಬ್ಬಿ ಬಂದದ್ದು ಸಿಕಂದರಾಬಾದಿನಿಂದ.
ಅಲ್ಲೊಬ್ಬಾಂವ ಮನ್ಯಾಗ ಕೂತು ಕೈಲೇ ಸುತ್ತತಾನ,
ಅರವತ್ತು ವರ್ಷದ ಹಿಂದ ಸುತ್ತಿದಂಗ.
ಅದೇ ಜಾತಿ ಅಯಸ್ಕಾಂತ, ಬಟ್ಟಿ ಹೊದ್ದ ವಾಯರು,
ಮೇಣದಾಗ ಅದ್ದಿದ್ದು. ಮುಚ್ಚಳಕ್ಕ ಚಾದ ಬಣ್ಣ,
ಹಳೇದು ಕಾಣ್ಲಿ ಅಂತ.
"ಹೊಸಾದಕ್ಕ ಹಳೇ ಬಣ್ಣ ಯಾಕೋ?" ಅಂದ ಮಾಮೂ,
ತಾನೇ ನಕ್ಕ. ಬೀದರದಾಗ ಕೇಳೋ ಮಾತೇನು ಅದು?
ನಿನ್ನೆ ಎರಕ ಹೊಯ್ದ ಹೂದಾನಿಗೆ
ಕ್ವಾಟಿ ಮಣ್ಣು ಕುದಿಸಿ ಕಪ್ಪು ಏರಿಸೋ ಊರು.

ಮೀಟರ್ ಹಚ್ಚಿದ. "ಐದು ಪಾಯಿಂಟ್ ಎಂಟು. ಜೀವ ಅದ."
ಕನ್ನಡಕ ಹಣಿಗೇರಿಸಿ ಕಣ್ಣಿನ ಹತ್ರ ಹಿಡಿದ.
"ಎಷ್ಟು ಸುತ್ತು?"
"ಎಂಟು ಸಾವಿರದ ಸುಮಾರು."
ಐದು ಎಚ್‌ಪಿ ಮೋಟಾರಿಗೆ ದಿನಾ ತಾಮ್ರ ಸುತ್ತೋ ಕೈ
ಆ ಬೆರಳುದ್ದ ತಾಮ್ರದ ಮುಂದ
ಸಾಲಿಗೆ ತಡಾಗಿ ಬಂದ ಹುಡುಗನಂಗ ನಿಂತಿತು.
"ಎವಿಗೂದಲಕ್ಕಿಂತ ತೆಳು. ಉಸರು ತಾಕಿದ್ರ ಹರೀತದ.
ಇದನ್ನ ಸುತ್ತೋ ಹೊತ್ತಿಗೆ ಆ ಮನುಷ್ಯಾ
ಯಾರ ಮ್ಯಾಲೂ ಸಿಟ್ಟಾಗಿರ್ಲಿಕ್ಕಿಲ್ಲ."

ಬೆಸುಗಿ ಹೊಗಿ ಎದ್ದಿತು. ಕರೆಂಟ್ ಹೋಯಿತು.
ಚಾ ಕುಡಿದೆವು. ಕರೆಂಟ್ ಬಂತು.
ತಂತಿ ಏರಿಸಿ, ಶ್ರುತಿ ಹಿಡಿದು, ಸ್ಪೀಕರಿಗೆ ಚುಚ್ಚಿದೆ.
ಮೊದಲ ಬಂದದ್ದು ಸ್ವರ ಅಲ್ಲ.

ಗುಂಯ್.

ಅದೇ ಹಳೇ ಗುಂಯ್, ಇನ್ನೀಟು ದಪ್ಪ.
"ಎಂಟು ಸಾವಿರ ಕೊಟ್ಟು ಗುಂಗಾಡ ಖರೀದಿ ಮಾಡಿದ್ಯಲ್ಲೋ!"
ಸುತ್ತಿಗೊಂದು ರೂಪಾಯಿ. ಹಳೇ ನಮೂನಿ ಅಂದಮ್ಯಾಲ
ಹಳೇ ರೋಗಾನೂ ಕೂಡೇ ಬರ್ತದ.

ಆಮ್ಯಾಲ ಮೂರನೇ ತಂತಿ ಮುಟ್ಟಿದೆ.
ತುಂಬಿದ ಕೊಡಕ್ಕ ಬಳಿ ತಾಕಿದಂಗ ದುಂಡಗ ಎದ್ದು
ಅಂಗಡಿಯ ಕಬ್ಬಿಣಕ್ಕೆಲ್ಲ ಒಂದೊಂದು ಸಲ ಮುಟ್ಟಿ ಹೋಯಿತು.
ಇನ್ನೊಂದು, ಮತ್ತೊಂದು. ಆಗ ಕೇಳಿತು,
ನನ್ನ ಕಿರುಬೆರಳು ಪ್ರತಿ ಸಲ
ಅರ್ಧ ಎಣಿಕಿ ತಡಾ ಮಾಡಿ ಬರ್ತದ.
ಹದಿಮೂರು ವರ್ಷ ಆ ಚಮಚದ ದನಿ
ಅದನ್ನ ಮುಚ್ಚಿಟ್ಟಿತ್ತು.
ಮಾಮೂಗೂ ಕೇಳಿರಬೇಕು. ಏನೂ ಅನ್ಲಿಲ್ಲ,
ಸೀರಿ ಝಾಡಿಸಿ ಮಡಚಿದ.

ರವಿವಾರ ಚರ್ಚಿನಾಗ ಟ್ಯೂಬ್‌ಲೈಟು, ಫ್ಯಾನು,
ಗುಂಯ್ ಎಲ್ಲಾ ಕಡಿಂದ.
ಮಾಳಗಿ ಮ್ಯಾಲ ಟೀವಿ ಆಂಟೆನಾ ತಿರುವಿದಂಗ
ನನ್ನ ನಾನೇ ಮೆಲ್ಲಕ ತಿರುವಿಕೊಂಡೆ.
ಸಭಾಪಾಲಕರ ಕಡಿಗೆ ತಿರುಗಿದ್ರ ಜೋರು,
ಮಂದಿ ಕಡಿಗೆ ಇನ್ನಾ ಜೋರು.
ಬಾಜೂದ ಬಾಗಲದ ಕಡಿಗೆ,
ಚಪ್ಪಲಿ ಬಿಟ್ಟಲ್ಲಿಗೆ ಮುಖ ಮಾಡಿದಾಗ
ಗಪ್ ಆಯಿತು.
ಎಲ್ಲಾ ಹಾಡು ಹಂಗೇ ನುಡಿಸಿದೆ,
ಜೋಡು ತಪ್ಪಿದ ಸಣ್ಣ ಕೆಂಪು ಬೂಟೊಂದನ್ನ ನೋಡಕೋತ.

ಹೇಳಿದ್ರ ಮಾಮೂ ತೊಡಿ ಬಡಕೊಂಡು ನಕ್ಕ:
"ನಮಗೊಂದು ಕಿಬ್ಲಾ ಅದ. ನಿನಗೂ ಒಂದು ಸಿಕ್ಕಿತು ತಗೋ."

ಹಳೇ ಚೂರು ಅವನ ಮೇಜಿನ ಮ್ಯಾಲೇ ಅವ.
ಒಂದರ ಅಯಸ್ಕಾಂತ ಕಿತ್ತು
ದಾರಕ್ಕ ಕಟ್ಟಿ ಇಟಗೊಂಡಾನ,
ನೆಲದಾಗ ಎಳೆದ್ರ ಕಳದ ಸ್ಕ್ರೂಗಳೆಲ್ಲ
ಓಡಿ ಬರ್ತಾವ.

ಕಿರುಬೆರಳು ಮಾತ್ರ ಇನ್ನೂ ತಡಾ.