ಮೂರು ಗಂಟಿ

ಹಟ್ಟಿ ಕ್ಯಾಂಪಿನ ಬಸ್‌ಸ್ಟ್ಯಾಂಡಿನ ಎದುರು
ಮೌನೇಶ ಜೆರಾಕ್ಸ್: ಎರಡು ಕಂಪ್ಯೂಟರು,
ಸುಟ್ಟ ವಾಸನೆಯ ಒಂದು ಲ್ಯಾಮಿನೇಶನ್ ಮಷೀನು, ನಾನು.
ಶಟರ್ ಅರ್ಧ ಎತ್ತಿದ್ದಾಗಲೇ ಬಗ್ಗಿ ಒಳಬಂದವನು
ಸಾಬಣ್ಣ, ವೈಂಡರ್ ಸಾಬಣ್ಣ.
ಮೂವತ್ತೊಂದು ವರ್ಷ ಗಣಿಯ ಕೇಜು
ಇಳಿಸಿದವನು, ಎತ್ತಿದವನು.

ಹೊಸ ಫೋನು ಮೇಜಿನ ಮೇಲಿಟ್ಟು ಅಂದ:
‘ಯವ್ವಾ, ನಮ್ಮೂರ ಹೆಸರು ಎಲ್ಲಿ ಬಂದ್ರೂ
ತಾನಾಗೇ ಗಂಟಿ ಹೊಡೀತದಂತಲ್ಲ,
ಅದನ್ನ ಇದಕ್ಕ ಹಚ್ಚಿಕೊಡು.’

ಹಚ್ಚಿದೆ. ಎರಡೇ ಅಕ್ಷರ: ಹಟ್ಟಿ.
ಸಣ್ಣ ಗಾಳ, ಊರೆಲ್ಲ ಮೀನು.
ಚಿನ್ನದ ದರ ಇಂದೆಷ್ಟು, ನಿನ್ನೆಯೆಷ್ಟು,
ಈಗಲೇ ಕೊಳ್ಳಬೇಕೋ, ದಸರೆಗೆ ಕಾಯಬೇಕೋ;
ಹಿಮಾಲಯದ ಕಡೆ ಹಟ್ಟಿ ಅನ್ನುವ ಜನರಿದ್ದಾರಂತೆ,
ಅವರ ಮೆರವಣಿಗೆ;
ಎಲ್ಲೆಲ್ಲಿಯವೋ ಗೊಲ್ಲರಹಟ್ಟಿಗಳು;
ಒಂದು ದಿನ, ಹತ್ತಿ ಬರೆಯಲು ಹೋಗಿ ಬೆರಳು ಜಾರಿದ
ಯಾವನೋ ವರದಿಗಾರನ ತಲೆಬರಹ:
‘ಹಟ್ಟಿ ಕುಸಿತ, ಮಾರುಕಟ್ಟೆಯಲ್ಲಿ ಆತಂಕ.’
ಸಾಬಣ್ಣ ಮೂರನೇ ಪದದ ತನಕ ಓದಿರಲಿಲ್ಲ.
ಚಪ್ಪಲಿ ಇಲ್ಲದೆ ಓಡಿ ಬಂದಿದ್ದ.
ಗಣಿಯವರಿಗೆ ಕುಸಿತಕ್ಕೆ ಒಂದೇ ಅರ್ಥ.

ಸೋಸೋಣ ಅಂದೆ.
ಮೈನಸ್ ದರ. ಮೈನಸ್ ಮಾರುಕಟ್ಟೆ.
ಮೈನಸ್ ಗೊಲ್ಲರಹಟ್ಟಿ ಎಂದು ಒತ್ತುವಷ್ಟರಲ್ಲಿ
ಕೈ ಅಡ್ಡ ಹಿಡಿದ:
‘ಅವರನ್ನ ಯಾಕ ಕಳೀತಿ? ಇರಲಿ.’

ಗಂಟೆ ಅಂದರೆ ಅವನಿಗೆ ಬೇರೆ.
ಎರಡು ಸಾವಿರ ಅಡಿ ಕೆಳಗಿನ ಕತ್ತಲಲ್ಲಿ
ಮುಖ ಕಾಣದ ಒಂದು ಕೈ ಅದನ್ನು ಎಳೆಯುತ್ತಿತ್ತು.
ಒಂದು ಹೊಡೆದರೆ ನಿಲ್ಲಿಸು.
ಎರಡು, ಇಳಿಸು.
ಮೂರು ಹೊಡೆದರೆ
ಒಳಗೆ ಮನುಷ್ಯರಿದ್ದಾರೆ, ಕಲ್ಲಲ್ಲ,
ಹಗೂರಕ.
ಹಿಡಿಕೆಯ ಮೇಲೆ ಅಂಗೈ ಬೆವರುತ್ತಿದ್ದುದು
ಮೂರಕ್ಕೆ ಮಾತ್ರ.

‘ಇದು ಬಂಗಾರಕ್ಕೂ ಟಿಂಗ್ ಅಂತದ,
ಮನುಷ್ಯಾಗೂ ಟಿಂಗ್ ಅಂತದ.
ಮನುಷ್ಯಾ ಇದ್ರ ಮೂರು ಹೊಡಿಯಂಗ ಮಾಡಾಕ ಬರ್ತದೇನು?’
ಸೆಟ್ಟಿಂಗ್ ಎಲ್ಲ ಜಾಲಾಡಿದೆ.
ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಬಂದ ತಕ್ಷಣ.
ಅಷ್ಟೇ ಇತ್ತು.

ಶಿವರಾತ್ರಿ ಕಳೆದ ಮೇಲೆ ಸಿಕ್ಕಿದ್ದು ಜಾಲಿಹಟ್ಟಿ.
ಯಾವ ಜಿಲ್ಲೆಯೋ, ಅವನೂ ಕೇಳಲಿಲ್ಲ.
ಒಂಬತ್ತು ಹುಡುಗಿಯರು ಹೈಸ್ಕೂಲಿಗೆ
ನಾಲ್ಕು ಮೈಲಿ ನಡೆಯುತ್ತಾರೆ, ಬಸ್ ಬೇಕು.
ಫೋಟೋ ಹಿಗ್ಗಿಸಿ ಬೆರಳಿಟ್ಟು ಎಣಿಸಿದ.
‘ಎಂಟೇ ಅದಾರ. ಒಂದು ಕಮ್ಮಿ.
ಎಣಿಸಲಾರದ ಎತ್ತಬಾರದು ನೋಡು.’
ಮುಂದಿನ ತಿಂಗಳು ಮನವಿ.
ಆಮೇಲೆ ಧರಣಿ, ಡಿಪೋ ಮುಂದೆ, ಡಾಂಬರು ಕರಗುವ ಮಧ್ಯಾಹ್ನ.
ಆ ಡಿಪೋ ಮ್ಯಾನೇಜರಿಗೆ ಒಂದು ಅರ್ಜಿ
ನನ್ನಿಂದ ಟೈಪು ಮಾಡಿಸಿದ, ಚೌಕಾಸಿಯಿಲ್ಲದೆ ಇಪ್ಪತ್ತು ರೂಪಾಯಿ ಕೊಟ್ಟ.
ನೀನು ಅವರಿಗೆ ಏನಾಗಬೇಕು, ಏನಂತ ಬರೀಲಿ ಅಂದರೆ
‘ಅದೇ ಹೆಸರಿನ ಊರಾಂವ ಅಂತ ಹಾಕು.’

ಆಮೇಲೆ ಏನೂ ಇಲ್ಲ.
ಜೂನು, ಜುಲೈ.
ಎಷ್ಟು ಸೋಸಿದರೂ ಚಿನ್ನ ಮಾತ್ರ ನುಸುಳಿ ಬರುತ್ತಿತ್ತು.
ಫೋನು ಕೆಟ್ಟದೇನು ಎಂದು ಎರಡು ಸಲ ತಂದ.
ಫೋನಿಗೇನಾಗಿಲ್ಲ, ಜಾಲಿಹಟ್ಟಿ ಬಗ್ಗೆ
ಯಾರೂ ಬರೆದಿಲ್ಲ ಅಂದೆ.

ಮೂರನೇ ಸಲ ಫೋನು ಜೇಬಿಂದ ತೆಗೆಯಲಿಲ್ಲ.
ಪಾಳಿಯ ಸೈರನ್ ಕೂಗಿ ಮುಗಿಯುವ ತನಕ
ಬಾಗಿಲಲ್ಲೇ ನಿಂತು,
‘ಬಸ್ ಬಂದಿರಬೇಕು, ಯವ್ವಾ.
ಮ್ಯಾಲ ಬಂದು ಇಳಿದು ಮನಿಗೆ ಹೋದವರು
ಹೊಳ್ಳಿ ಬಂದು ಗಂಟಿ ಹೊಡೀತಾರೇನು?’

ಹೌದು ಅನ್ನಲಿಲ್ಲ ನಾನು.
ಬಸ್ ಬಂದಿರದೆಯೂ ಇರಬಹುದು,
ಬರೆಯುವವನಿಗೆ ಬೇಸರ ಬಂದಿರಬಹುದು.
ಅವನು ರಸ್ತೆ ದಾಟಿದ ಮೇಲೆ
ನನ್ನ ಹೆಸರಿಗೇ ಒಂದು ಹೊಸ ಅಲರ್ಟ್ ತೆರೆದೆ.
ಏನು: ಜಾಲಿಹಟ್ಟಿ.
ಯಾವಾಗ: ಬಂದ ತಕ್ಷಣ.

ಎದುರಿಗೆ ಯಾರೋ ಆಧಾರ್ ಕಾರ್ಡು ಹಿಡಿದು ನಿಂತಿದ್ದರು,
ಎರಡೂ ಕಡೆ ಬೇಕಂತೆ.